ಲಾರಿಯ ಒಡೆಯರು ಯಾರು?



ಮಳೆಗಾಲ ಬಂತೆಂದರೆ ಘಟ್ಟದ ಊರುಗಳಲ್ಲಿ ಲಾರಿಯ ಮಾತು ಹೆಚ್ಚುತ್ತದೆ. ಧರೆ ಜರಿಯಿತು, ಲಾರಿ ಮಗುಚಿತು, ತಿರುವಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳಿಂದಾಗಿ ಬೆಳಗಿನ ಬಸ್ಸು ಬರಲಿಲ್ಲ ಎಂಬ ಸುದ್ದಿಗಳು ವಾರಕ್ಕೊಮ್ಮೆಯಾದರೂ ಕೇಳಿಬರುತ್ತವೆ. ಈ ಎಲ್ಲ ಮಾತುಗಳಲ್ಲಿ ‘ಲಾರಿಯವರು’ ಎಂಬ ಪದ ಬಳಕೆಯಾಗುತ್ತದೆ. ಈ ಲಾರಿಯವರು ಯಾರು ಎಂದು ವಿಚಾರಿಸಿದರೆ ಮಾತ್ರ ಉತ್ತರ ಸ್ಪಷ್ಟವಾಗುವುದಿಲ್ಲ. ಚಕ್ರ ಹಿಡಿದ ಚಾಲಕನೇ? ಆರ್.ಸಿ. ಪುಸ್ತಕದಲ್ಲಿ ಹೆಸರಿರುವ ಮಾಲೀಕನೇ? ಲಾರಿಗೆ ಸಾಲ ಕೊಟ್ಟ ಹಣಕಾಸು ಸಂಸ್ಥೆಯೇ? ಸರಕು ಕಳುಹಿಸಿದ ವರ್ತಕನೇ? ಒಡೆತನ ಯಾರದೆಂದು ತಿಳಿಯದೆ ಹೊಣೆ ಯಾರದೆಂದು ಕೇಳುವುದು ಕಷ್ಟ. ಆದುದರಿಂದ ಇಂದಿನ ಮಾತು ಒಂದೇ ಒಂದು ಸಾಗಣೆ ಕಂಪನಿಯ ಹುಟ್ಟು, ಬೆಳವಣಿಗೆ ಮತ್ತು ಒಡೆತನವನ್ನು ಕುರಿತದ್ದು. ಆ ಕಂಪನಿ ದೂರದ್ದೇನಲ್ಲ. ಹುಬ್ಬಳ್ಳಿಯ ಹೊರವಲಯದ ವರೂರಿನಲ್ಲಿ ಅದರ ಕಚೇರಿಯಿದೆ. ಅದರ ಹೆಸರು ವಿ.ಆರ್.ಎಲ್. ಲಾಜಿಸ್ಟಿಕ್ಸ್ ಲಿಮಿಟೆಡ್. ಮಲೆನಾಡಿನ ಸಣ್ಣ ಪೇಟೆಯ ಔಷಧ ಅಂಗಡಿಗೂ, ಬಟ್ಟೆ ಅಂಗಡಿಗೂ, ಕೃಷಿ ಉಪಕರಣದ ಅಂಗಡಿಗೂ ಈ ಮೂರಕ್ಷರ ಪರಿಚಿತ.

ಕಂಪನಿಯ ಮೂಲ ಗದಗ. ವಿಜಯ ಸಂಕೇಶ್ವರರು 1950ರಲ್ಲಿ ಜನಿಸಿದವರು. ಅವರ ಮನೆತನದ್ದು ಮುದ್ರಣ ಮತ್ತು ಪುಸ್ತಕ ಪ್ರಕಾಶನದ ಉದ್ಯೋಗ. ಶಾಲೆಯ ಪುಸ್ತಕಗಳು, ನಿಘಂಟುಗಳು ಆ ಮನೆತನದ ಹೆಸರಿನಲ್ಲಿ ಉತ್ತರ ಕರ್ನಾಟಕದ ಮಕ್ಕಳ ಕೈ ಸೇರುತ್ತಿದ್ದವು. ಆ ಸ್ಥಿರವಾದ ವ್ಯವಹಾರದಿಂದ ಹೊರಬಂದು ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯೊಂದಿಗೆ ಸಾಗಣೆಯ ಉದ್ಯೋಗಕ್ಕೆ ಇಳಿದರು. ಮುಂದೆ ವ್ಯವಹಾರ ಹುಬ್ಬಳ್ಳಿಗೆ, ಬೆಳಗಾವಿಗೆ, ಬೆಂಗಳೂರಿಗೆ ಹಬ್ಬಿತು. ಒಂದು ಲಾರಿಯಿಂದ ಸಾವಿರಾರು ಲಾರಿಗಳವರೆಗಿನ ಈ ಕಥೆಯನ್ನು 2022ರಲ್ಲಿ ‘ವಿಜಯಾನಂದ’ ಎಂಬ ಚಲನಚಿತ್ರವೂ ಹೇಳಿತು. ಅದನ್ನು ನಿರ್ಮಿಸಿದ್ದು ಅದೇ ಮನೆತನದ ಚಿತ್ರಸಂಸ್ಥೆ. ಸಾಹಸದ ಪಾಲು ಅದರಲ್ಲಿ ನಿಜವಾಗಿಯೂ ಇದೆ. ಆದರೆ ಸಾಹಸವೊಂದರಿಂದಲೇ ಯಾವ ಬೆಳೆಯೂ ಬರುವುದಿಲ್ಲ. ಹದ, ಹವೆ ಎರಡೂ ಕೂಡಿಬರಬೇಕು. ಚಿತ್ರದಲ್ಲಿ ಕಾಣದ ಆ ಹದವನ್ನು ವಿದ್ಯಾರ್ಥಿಗಳು ಗಮನಿಸಬೇಕು.

1939ರ ಮೋಟಾರು ವಾಹನ ಕಾಯಿದೆಯು ಲಾರಿಗಳನ್ನು ಪರವಾನಗಿಯ ಹಗ್ಗದಲ್ಲಿ ಕಟ್ಟಿಹಾಕಿತ್ತು. ರೈಲ್ವೆಯ ಆದಾಯಕ್ಕೆ ಲಾರಿಗಳಿಂದ ಧಕ್ಕೆಯಾಗಬಾರದೆಂಬುದು ಅದರ ಉದ್ದೇಶಗಳಲ್ಲಿ ಒಂದು. ಒಂದು ರಾಜ್ಯದ ಲಾರಿ ಇನ್ನೊಂದು ರಾಜ್ಯಕ್ಕೆ ಹೋಗಬೇಕಾದರೆ ಆ ರಾಜ್ಯದ ಅನುಮೋದನೆಯೂ ಬೇಕಿತ್ತು. 1975ರಲ್ಲಿ ರಾಷ್ಟ್ರೀಯ ಪರವಾನಗಿ ಪದ್ಧತಿ ಬಂದಿತು. 1988ರ ಹೊಸ ಕಾಯಿದೆ 1989ರ ಜುಲೈ 1ರಂದು ಜಾರಿಯಾದಾಗ ಸರಕು ಲಾರಿಗಳ ಪರವಾನಗಿ ಇನ್ನಷ್ಟು ಸಡಿಲವಾಯಿತು. ಇದೇ ಅವಧಿಯಲ್ಲಿ ರೈಲ್ವೆಯು ಚಿಲ್ಲರೆ ಸರಕನ್ನು ಕೈಬಿಡತೊಡಗಿತು. ಕಲ್ಲಿದ್ದಲು, ಅದಿರು, ಸಿಮೆಂಟು, ಧಾನ್ಯ ಮೊದಲಾದ ಇಡೀ ರೈಲು ತುಂಬುವ ಸರಕಿಗೆ ಅದರ ಆದ್ಯತೆ ಹೋಯಿತು. ಒಂದು ಮೂಟೆ ನೂಲು, ಎರಡು ಪೆಟ್ಟಿಗೆ ಔಷಧ, ಒಂದು ಪಂಪ್‌ಸೆಟ್ಟು ಕಳುಹಿಸುವ ವರ್ತಕನಿಗೆ ಸ್ಟೇಶನ್ನಿನ ಗೋದಾಮಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತಾಯಿತು. ಈ ಚಿಲ್ಲರೆ ಸರಕೇ ವಿಜಯಾನಂದ ರೋಡ್‌ಲೈನ್ಸಿನ ಹೊಲವಾಯಿತು. ನೀತಿ ಆಯೋಗದ 2021ರ ವರದಿಯ ಪ್ರಕಾರ ದೇಶದ ಸರಕು ಸಾಗಣೆಯಲ್ಲಿ ರಸ್ತೆಯ ಪಾಲು ಶೇ. 71, ರೈಲಿನ ಪಾಲು ಶೇ. 18. ಲಾರಿ ಮಾಲೀಕರ ಚಾತುರ್ಯವೊಂದರಿಂದಲೇ ಈ ಬದಲಾವಣೆ ಆಗಲಿಲ್ಲ. ಸರ್ಕಾರವೇ ಬಿಟ್ಟುಕೊಟ್ಟ ಜಾಗವನ್ನು ಲಾರಿ ತುಂಬಿತು.

ಚಿಲ್ಲರೆ ಸರಕಿನ ಸಾಗಣೆ ಹೇಗೆ ನಡೆಯುತ್ತದೆ ಎಂಬುದನ್ನು ಸಂತೆಯ ಉದಾಹರಣೆಯಿಂದ ತಿಳಿಯಬಹುದು. ಹತ್ತಾರು ಹಳ್ಳಿಗಳ ಬುಟ್ಟಿಗಳು ಒಂದು ಸಂತೆಗೆ ಬರುತ್ತವೆ. ಅಲ್ಲಿ ಬೇರ್ಪಟ್ಟು ಬೇರೆ ಊರುಗಳಿಗೆ ಹೋಗುತ್ತವೆ. ಹಾಗೆಯೇ ಶಾಖೆಗಳಲ್ಲಿ ಬುಕ್ ಆದ ಪಾರ್ಸೆಲ್‌ಗಳು ಸಣ್ಣ ವಾಹನದಲ್ಲಿ ದೊಡ್ಡ ಕೇಂದ್ರಕ್ಕೆ ಬಂದು, ಹಮಾಲರ ಕೈಯಲ್ಲಿ ಊರುವಾರು ವಿಂಗಡಣೆಯಾಗಿ, ದೊಡ್ಡ ಲಾರಿಯೇರಿ ಇನ್ನೊಂದು ಕೇಂದ್ರಕ್ಕೆ ಸಾಗಿ, ಅಲ್ಲಿಂದ ಮತ್ತೆ ಶಾಖೆಗೆ ಇಳಿಯುತ್ತವೆ. ಒಂದು ಲಾರಿಯಲ್ಲಿ ನೂರಾರು ಮಂದಿಯ ಸರಕು ಇರುತ್ತದೆ. ಇದಕ್ಕೆ ಲಾರಿಗಿಂತ ಹೆಚ್ಚಾಗಿ ಬೇಕಾದದ್ದು ಜಾಗ, ಶಾಖೆ, ಲೆಕ್ಕ ಮತ್ತು ನಂಬಿಕೆ. ಆದುದರಿಂದಲೇ ಒಂದು ಲಾರಿಯ ಮಾಲೀಕ ಈ ವ್ಯವಹಾರಕ್ಕೆ ಸುಲಭವಾಗಿ ಕೈಹಾಕಲಾರ. ಇಂದು ಕಂಪನಿಯ ವರಮಾನದ ಬಹುಪಾಲು ಬರುವುದು ಈ ಪಾರ್ಸೆಲ್ ಸಾಗಣೆಯಿಂದಲೇ.

ದೇಶದ ಉಳಿದ ಲಾರಿಗಳ ಒಡೆತನ ಹೇಗಿದೆ? ಸುಮಾರು ಮುಕ್ಕಾಲು ಪಾಲು ಲಾರಿಗಳು ಐದು ಅಥವಾ ಅದಕ್ಕಿಂತ ಕಡಿಮೆ ವಾಹನ ಹೊಂದಿರುವ ಸಣ್ಣ ಮಾಲೀಕರವು. ಅನೇಕ ಕಡೆ ಮಾಲೀಕನೇ ಚಾಲಕ. ಲಾರಿ ಸಾಲದ ಮೇಲೆ ಬಂದಿರುತ್ತದೆ. ಕಂತು ತಿಂಗಳು ತಿಂಗಳು ತಪ್ಪದೆ ಬರುತ್ತದೆ. ಬಾಡಿಗೆ ಮಾತ್ರ ದಲ್ಲಾಳಿಯ ಬಾಯಿಯಲ್ಲಿರುತ್ತದೆ. ಅಡಿಕೆ ಬೆಳೆಗಾರನಿಗೂ ವಖಾರಿಗೂ ಇರುವ ಸಂಬಂಧವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂತು ಕಟ್ಟಲು ಹೆಚ್ಚು ಭಾರ ಹೇರಬೇಕು, ಕಡಿಮೆ ನಿದ್ದೆ ಮಾಡಬೇಕು, ಸವೆದ ಟಯರಿನಲ್ಲೇ ಇನ್ನೊಂದು ಸುತ್ತು ಹೋಗಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಯ ಮಿತಿಯನ್ನು ಗೊತ್ತುಮಾಡಿತ್ತು. ತನ್ನ ಲಾರಿಯನ್ನು ತಾನೇ ಓಡಿಸುವವನಿಗೆ ಆ ಮಿತಿಯನ್ನು ಹೇಳುವವರು ಯಾರು?

ವಿ.ಆರ್.ಎಲ್. ಇದಕ್ಕೆ ಹೊರತಾದ ಮಾದರಿ. ದೊಡ್ಡ ಸಾಗಣೆ ಕಂಪನಿಗಳು ಸಾಮಾನ್ಯವಾಗಿ ಸಣ್ಣ ಮಾಲೀಕರ ಲಾರಿಗಳನ್ನು ಬಾಡಿಗೆಗೆ ಹಿಡಿದು, ನಷ್ಟದ ಭಯವನ್ನು ಅವರ ಹೆಗಲಿಗೆ ಹಾಕಿ, ಕಮಿಷನ್ನಿನ ಮೇಲೆ ಬದುಕುತ್ತವೆ. ಈ ಕಂಪನಿ ಬಹುಪಾಲು ಲಾರಿಗಳನ್ನು ತಾನೇ ಕೊಂಡಿತು, ಚಾಲಕರನ್ನು ತಾನೇ ನೇಮಿಸಿಕೊಂಡಿತು. ಲಾರಿಯ ಬಾಡಿ ಕಟ್ಟುವುದು, ರಿಪೇರಿ, ಸವೆದ ಟಯರಿಗೆ ಹೊಸ ಪಟ್ಟಿ ಹಾಕುವುದು ಮುಂತಾದ ಕೆಲಸಗಳನ್ನೂ ಮನೆಯೊಳಗೇ ಇಟ್ಟುಕೊಂಡಿತು. 2015ರ ಹೊತ್ತಿಗೆ ಬಸ್ಸುಗಳೂ ಸೇರಿ ಸುಮಾರು 4,000 ವಾಹನಗಳು ಅದರ ಹೆಸರಿನಲ್ಲಿದ್ದವು. ಇತ್ತೀಚಿನ ವರ್ಷಗಳಲ್ಲಿ ಸರಕು ವಾಹನಗಳೇ ಐದು ಸಾವಿರವನ್ನು ದಾಟಿವೆ. ಖಾಸಗಿ ವಲಯದಲ್ಲಿ ಅತಿ ಹೆಚ್ಚು ವಾಣಿಜ್ಯ ವಾಹನಗಳ ಒಡೆತನ ಎಂಬ ದಾಖಲೆಯನ್ನು ಲಿಮ್ಕಾ ದಾಖಲೆಗಳ ಪುಸ್ತಕವೂ ಗುರುತಿಸಿದೆ. ಪರಿಸರದ ದೃಷ್ಟಿಯಿಂದ ಇದು ಕೆಡುಕೋ ಒಳಿತೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಆದರೆ ಐದು ಸಾವಿರ ಲಾರಿಗಳ ಬಗೆಗಿನ ಪ್ರಶ್ನೆಯನ್ನು ಒಂದೇ ಬಾಗಿಲಲ್ಲಿ ಕೇಳಬಹುದು ಎಂಬುದು ಸಣ್ಣ ಅನುಕೂಲವಲ್ಲ.

ಆ ಬಾಗಿಲೊಳಗೆ ಯಾರಿದ್ದಾರೆ? 1983ರ ಮಾರ್ಚ್ 31ರಂದು ವಿಜಯಾನಂದ ರೋಡ್‌ಲೈನ್ಸ್ ಪ್ರೈವೇಟ್ ಲಿಮಿಟೆಡ್ ಎಂದು ಕಂಪನಿ ನೋಂದಣಿಯಾಯಿತು. ಪ್ರೈವೇಟ್ ಲಿಮಿಟೆಡ್ ಎಂದರೆ ಪಾಲುಗಳು ಕೆಲವೇ ಜನರ ಕೈಯಲ್ಲಿದ್ದು, ಅವನ್ನು ಪೇಟೆಯಲ್ಲಿ ಮಾರುವಂತಿಲ್ಲ. ಕಂಪನಿ ಮುಳುಗಿದರೂ ಪಾಲುದಾರನ ಹೊಣೆ ಅವನ ಪಾಲಿನಷ್ಟಕ್ಕೇ ಸೀಮಿತ. 1990ರ ದಶಕದಲ್ಲಿ ಕೊರಿಯರ್ ಸೇವೆ, ಆನಂತರ 1996ರಲ್ಲಿ ಬಸ್ಸುಗಳು ಬಂದವು. 1997ರಲ್ಲಿ ಅದು ಪಬ್ಲಿಕ್ ಲಿಮಿಟೆಡ್ ಆಯಿತು. 2006ರಲ್ಲಿ ಈಗಿನ ಹೆಸರನ್ನು ಪಡೆಯಿತು. ಒಡೆತನ ಮಾತ್ರ ಈ ಉದ್ದಕ್ಕೂ ಮನೆತನದ ಕೈಯಲ್ಲೇ ಉಳಿಯಿತು. ವಿಜಯ ಸಂಕೇಶ್ವರರು ಅಧ್ಯಕ್ಷರು. ಮಗ ಆನಂದ ಸಂಕೇಶ್ವರರು ವ್ಯವಸ್ಥಾಪಕ ನಿರ್ದೇಶಕರು.

ಇಲ್ಲಿಗೆ ಕಥೆ ಲಾರಿಯನ್ನು ದಾಟುತ್ತದೆ. ಸಂಕೇಶ್ವರರು 1996, 1998 ಮತ್ತು 1999ರ ಚುನಾವಣೆಗಳಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ಲೋಕಸಭಾ ಸದಸ್ಯರಾಗಿ ಆಯ್ಕೆಯಾದರು. ಮುಂದೆ ಆ ಪಕ್ಷವನ್ನು ಬಿಟ್ಟು ‘ಕನ್ನಡ ನಾಡು’ ಎಂಬ ಪಕ್ಷವನ್ನೂ ಕಟ್ಟಿದರು. 2004ರ ಚುನಾವಣೆಯಲ್ಲಿ ಅದು ನೆಲೆ ಕಾಣಲಿಲ್ಲ. 1999ರಲ್ಲಿ ‘ವಿಜಯ ಕರ್ನಾಟಕ’ ದಿನಪತ್ರಿಕೆ ಆರಂಭವಾಯಿತು. ಕಡಿಮೆ ಬೆಲೆ, ಹಲವು ಊರುಗಳಿಂದ ಮುದ್ರಣ, ಬೆಳಗಾಗುವುದರೊಳಗೆ ಹಳ್ಳಿಗೆ ಪತ್ರಿಕೆ ಎಂಬ ಕ್ರಮದಿಂದ ಅದು ಕೆಲವೇ ವರ್ಷಗಳಲ್ಲಿ ಕನ್ನಡದ ಅತಿ ಹೆಚ್ಚು ಪ್ರಸಾರದ ಪತ್ರಿಕೆಗಳ ಸಾಲಿಗೆ ಸೇರಿತು. ಮುದ್ರಣದ ಮನೆತನಕ್ಕೆ ಸಾಗಣೆಯ ಅನುಭವ ಕೂಡಿದಾಗ ಏನಾಗಬಹುದೆಂಬುದಕ್ಕೆ ಅದೊಂದು ನಿದರ್ಶನ. 2006ರಲ್ಲಿ ಆ ಪತ್ರಿಕೆ ಟೈಮ್ಸ್ ಸಮೂಹದ ಪಾಲಾಯಿತು. 2012ರಲ್ಲಿ ಅದೇ ಮನೆತನದಿಂದ ‘ವಿಜಯವಾಣಿ’ ಹೊರಬಂತು.

ಇಲ್ಲೊಂದು ವ್ಯತ್ಯಾಸವನ್ನು ಎಚ್ಚರದಿಂದ ಹಿಡಿಯಬೇಕು. ಪತ್ರಿಕೆ ನಡೆಸಿದ ಕಂಪನಿ ಬೇರೆ, ಲಾರಿ ನಡೆಸುವ ಕಂಪನಿ ಬೇರೆ. ಕಾನೂನಿನ ಕಣ್ಣಿನಲ್ಲಿ ಅವು ಬೇರೆ ಬೇರೆ ವ್ಯಕ್ತಿಗಳು. ಮನೆತನ ಮಾತ್ರ ಒಂದೇ. ಸಾಗಣೆ, ಸುದ್ದಿ, ಶಾಸನಸಭೆ ಈ ಮೂರೂ ಒಂದೇ ಅಂಗಳದಲ್ಲಿ ಸೇರುವುದು ಈ ಮನೆತನಕ್ಕಷ್ಟೇ ಸೀಮಿತವಾದ ಸಂಗತಿಯಲ್ಲ. ದೇಶದ ಅನೇಕ ಪತ್ರಿಕೆಗಳ ಹಿಂದೆ ಸಕ್ಕರೆ, ಸೆಣಬು, ಗಣಿ, ಕಟ್ಟಡಗಳ ಹಣವಿದೆ. ಹೆದ್ದಾರಿಯ ಅಗಲೀಕರಣದ ಸುದ್ದಿಯನ್ನು ಯಾವುದೇ ಪತ್ರಿಕೆಯಲ್ಲಿ ಓದುವಾಗ, ಆ ಪತ್ರಿಕೆಯ ಮನೆತನಕ್ಕೆ ಹೆದ್ದಾರಿಯಿಂದ ಏನು ಪ್ರಯೋಜನ ಎಂದು ವಿಚಾರಿಸುವುದು ಓದುಗನ ಹಕ್ಕು. ಸಂಶಯಪಡಬೇಕೆಂದು ಇದರ ಅರ್ಥವಲ್ಲ, ತಿಳಿದಿರಬೇಕೆಂದಷ್ಟೇ ಅರ್ಥ.

2012ರಲ್ಲಿ ಹೊರಗಿನ ಒಡೆಯರು ಬಂದರು. ನ್ಯೂ ಸಿಲ್ಕ್ ರೂಟ್ ಎಂಬ ಬಂಡವಾಳ ನಿಧಿಯು ಮಾರಿಷಸ್ಸಿನಲ್ಲಿ ನೋಂದಾಯಿಸಿದ ತನ್ನ ಸಂಸ್ಥೆಯ ಮೂಲಕ ಕಂಪನಿಯ ಪಾಲನ್ನು ಕೊಂಡಿತು. ಇಂಥ ನಿಧಿ ಶಾಶ್ವತವಾಗಿ ಉಳಿಯಲು ಬರುವುದಿಲ್ಲ. ಕೆಲವು ವರ್ಷಗಳಲ್ಲಿ ಬೆಲೆ ಏರಿದಾಗ ಮಾರಿ ಹೋಗುವುದೇ ಅದರ ಧರ್ಮ. 2015ರ ಏಪ್ರಿಲ್‌ನಲ್ಲಿ ಕಂಪನಿ ಸಾರ್ವಜನಿಕರಿಗೆ ಷೇರು ನೀಡಿತು. ಒಂದು ಷೇರಿಗೆ 205 ರೂಪಾಯಿ. ಒಟ್ಟು ಸುಮಾರು 468 ಕೋಟಿ ರೂಪಾಯಿ. ಬೇಡಿಕೆ ನೀಡಿಕೆಯ ಎಪ್ಪತ್ತು ಪಟ್ಟನ್ನೂ ಮೀರಿತ್ತು. ಆದರೆ ಆ 468 ಕೋಟಿಯಲ್ಲಿ ಹೊಸ ಷೇರುಗಳಿಂದ ಕಂಪನಿಗೆ ಬಂದದ್ದು 117 ಕೋಟಿ ಮಾತ್ರ. ಉಳಿದ ಮುಕ್ಕಾಲು ಪಾಲು ತಮ್ಮ ಹಳೆಯ ಷೇರುಗಳನ್ನು ಮಾರಿದವರಿಗೆ, ಮುಖ್ಯವಾಗಿ ಆ ನಿಧಿಗೆ, ಸಂದಿತು. ‘ಕಂಪನಿ ಜನರಿಂದ ಹಣ ಎತ್ತಿತು’ ಎಂಬ ಮಾತನ್ನು ಕೇಳಿದಾಗಲೆಲ್ಲ ವಿದ್ಯಾರ್ಥಿಗಳು ಈ ಲೆಕ್ಕವನ್ನು ನೆನೆಯಬೇಕು.

ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಪಾಠ ದೊರೆಯಿತು. ಪ್ರವರ್ತಕರು ತಮ್ಮ ಸ್ವಂತ ನೆಲೆಯಲ್ಲಿ ವಿಮಾನಯಾನ ಸಂಸ್ಥೆಯನ್ನು ಆರಂಭಿಸುವ ಆಲೋಚನೆ ಪ್ರಕಟವಾಯಿತು. ಒಡನೆಯೇ ಷೇರಿನ ಬೆಲೆ ಕುಸಿಯಿತು. ಆ ಆಲೋಚನೆ ಮುಂದುವರಿಯಲಿಲ್ಲ. ಹಿಂದಾದರೆ ಅದು ಒಂದು ಮನೆಯ ತೀರ್ಮಾನವಾಗಿ ಮುಗಿಯುತ್ತಿತ್ತು. ಪಾಲುಗಳು ಪೇಟೆಗೆ ಬಂದ ಮೇಲೆ ಅಪರಿಚಿತರ ಅಸಮ್ಮತಿಗೂ ತೂಕ ಬಂದಿತು. ಅಪರಿಚಿತರ ಈ ಅಸಮ್ಮತಿ ಲಾಭದ ಭಯದಿಂದ ಹುಟ್ಟಿತ್ತೇ ಹೊರತು ಗುಡ್ಡ ಕಾಡುಗಳ ಚಿಂತೆಯಿಂದಲ್ಲ ಎಂಬುದನ್ನೂ ಜೊತೆಗೆ ಹೇಳಬೇಕು.

ಈಗ ಮನೆತನದ ಪಾಲು ಶೇ. 60ರ ಆಸುಪಾಸಿನಲ್ಲಿದೆ. ಉಳಿದುದರಲ್ಲಿ ಮ್ಯೂಚುವಲ್ ಫಂಡುಗಳದು ದೊಡ್ಡ ಭಾಗ. ತಿಂಗಳಿಗೆ ಸಾವಿರ ರೂಪಾಯಿಯನ್ನು ಫಂಡಿಗೆ ಕಟ್ಟುವ ಶಿಕ್ಷಕರೋ ಅಂಚೆ ನೌಕರರೋ ತಮಗೆ ಅರಿವಿಲ್ಲದೆಯೇ ಈ ಲಾರಿಗಳಲ್ಲಿ ಒಂದು ಟಯರಿನ ಒಂದು ಎಳೆಯ ಒಡೆಯರಾಗಿರಬಹುದು. 2022-23ರಲ್ಲಿ ಬಸ್ಸುಗಳ ವ್ಯವಹಾರವನ್ನು ಕಂಪನಿಯಿಂದ ಬೇರ್ಪಡಿಸಿ ಮನೆತನದ ಇನ್ನೊಂದು ಸಂಸ್ಥೆಯಾದ ವಿಜಯಾನಂದ ಟ್ರಾವೆಲ್ಸಿಗೆ ಮಾರಲಾಯಿತು. ಹೀಗಾಗಿ ಒಂದೇ ಹೆಸರನ್ನು ಹೊತ್ತ ಬಸ್ಸಿಗೂ ಲಾರಿಗೂ ಇಂದು ಒಡೆಯರು ಕಾನೂನಿನ ಪ್ರಕಾರ ಬೇರೆ.

ಬಸ್ಸಿನೊಂದಿಗೆ ಕಂಪನಿಯಿಂದ ಹೊರಹೋದ ಇನ್ನೊಂದು ವಿಭಾಗವೆಂದರೆ ಗಾಳಿ ವಿದ್ಯುತ್ತು. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಕಂಪನಿಯು ತಲಾ 1.25 ಮೆಗಾವಾಟ್‌ನ 34 ಗಾಳಿಯಂತ್ರಗಳನ್ನು ಹೊಂದಿತ್ತು. ಒಟ್ಟು ಸಾಮರ್ಥ್ಯ 42.5 ಮೆಗಾವಾಟ್. ವಿದ್ಯುತ್ತಿನ ಜೊತೆಗೆ ಇಂಗಾಲದ ಉಳಿತಾಯದ ಪ್ರಮಾಣಪತ್ರಗಳ ಮಾರಾಟದಿಂದಲೂ ಅದಕ್ಕೆ ವರಮಾನವಿತ್ತು. ಸಾವಿರಾರು ಲಾರಿಗಳ ಡೀಸೆಲ್ ಹೊಗೆಗೆ ಲೆಕ್ಕವಿಲ್ಲ, ಗುಡ್ಡದ ಗಾಳಿಗೆ ಮಾತ್ರ ಲೆಕ್ಕವುಂಟು! ಇದು ಕಂಪನಿಯ ತಪ್ಪಲ್ಲ, ಆ ಅಂತರರಾಷ್ಟ್ರೀಯ ವ್ಯವಸ್ಥೆಯೇ ಹಾಗಿತ್ತು. ಗಾಳಿಯಂತ್ರ ಹೊಗೆ ಉಗುಳುವುದಿಲ್ಲ, ನಿಜ. ಆದರೆ ಅದರ ರೆಕ್ಕೆಗಳನ್ನು ನೆತ್ತಿಗೆ ಸಾಗಿಸಲು ಗುಡ್ಡದ ಮೈಯನ್ನು ಕೊರೆದು ರಸ್ತೆ ಮಾಡಬೇಕು. ಆ ರಸ್ತೆಯಿಂದ ಮಣ್ಣು ಹರಿಯುತ್ತದೆ. ಕಪ್ಪತಗುಡ್ಡ ಔಷಧಿ ಸಸ್ಯಗಳ ನೆಲೆ; ಕತ್ತೆಕಿರುಬ, ತೋಳ, ಕೊಂಡುಕುರಿಗಳ ನೆಲೆ. ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿ ಸರ್ಕಾರ 2016ರಲ್ಲಿ ಹಿಂತೆಗೆದುಕೊಂಡಾಗ, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ಜನರು ಹೋರಾಡಿ 2017ರಲ್ಲಿ ಅದನ್ನು ಮರಳಿ ಪಡೆದರು. 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಗಾಳಿಯಂತ್ರಗಳು ಅದಕ್ಕೂ ಮೊದಲೇ ಅಲ್ಲಿದ್ದವು. ಹಲವು ಕಂಪನಿಗಳ ಯಂತ್ರಗಳಿದ್ದವು.

ಇನ್ನು ಘಟ್ಟದ ರಸ್ತೆ. ಕಂಪನಿಯ ಲೆಕ್ಕಪತ್ರದಲ್ಲಿ ಡೀಸೆಲ್ ದೊಡ್ಡ ವೆಚ್ಚ. ಚಾಲಕರ ಸಂಬಳ, ಟಯರು, ಟೋಲು, ವಿಮೆ ಎಲ್ಲವೂ ಅಲ್ಲಿ ಕಾಣುತ್ತವೆ. ಕಾಣದಿರುವುದು ರಸ್ತೆಯ ಸವೆತ. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪ್ರಯೋಗವು ಒಂದು ನಿಯಮವನ್ನು ಕಂಡುಕೊಂಡಿತು: ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಸುಮಾರಾಗಿ ಅದರ ನಾಲ್ಕನೆಯ ಘಾತದಂತೆ ಹೆಚ್ಚುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಅರ್ಧ ಟನ್ನಿನ ಅಚ್ಚುಭಾರದ ಕಾರಿಗೆ ಹೋಲಿಸಿದರೆ ಹತ್ತು ಟನ್ನಿನ ಅಚ್ಚುಭಾರದ ಲಾರಿ ಮಾಡುವ ಹಾನಿ ಒಂದೂವರೆ ಲಕ್ಷ ಪಟ್ಟಿಗೂ ಮಿಗಿಲು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರದ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಏರಿಕೆ ಶೇ. 13ಕ್ಕಿಂತ ಕಡಿಮೆ, ಅದೇ ನಿಯಮದ ಪ್ರಕಾರ ಒಂದು ಅಚ್ಚಿನ ಹಾನಿಯ ಏರಿಕೆ ಶೇ. 60ರಷ್ಟು. ಮಾಲೀಕನಿಗೆ ಒಂದೇ ಓಟದಲ್ಲಿ ಹೆಚ್ಚು ಬಾಡಿಗೆ ದೊರೆಯಿತು, ಟನ್ನಿಗೆ ಡೀಸೆಲ್ ಸ್ವಲ್ಪ ಉಳಿಯಿತು. ರಸ್ತೆಯ ವೆಚ್ಚ ಮಾತ್ರ ಲೋಕೋಪಯೋಗಿ ಇಲಾಖೆಯ ಹೆಸರಿಗೆ, ಅಂದರೆ ಎಲ್ಲರ ಹೆಸರಿಗೆ, ಬಿದ್ದಿತು.

ರಸ್ತೆ ಅಗಲವಾಗಬೇಕೆಂಬ ಒತ್ತಡ ಹುಟ್ಟುವುದು ಇಲ್ಲಿಂದ. 2000ದ ದಶಕದಲ್ಲಿ ಬಳ್ಳಾರಿ ಸೀಮೆಯ ಅದಿರು ಹೊತ್ತ ಲಾರಿಗಳು ಹುಬ್ಬಳ್ಳಿ–ಅಂಕೋಲಾ ದಾರಿಯಲ್ಲಿ ಬೇಲೆಕೇರಿ ಬಂದರಿಗೆ ಇಳಿದುದನ್ನು ಯಲ್ಲಾಪುರದ ಹಿರಿಯರು ಮರೆತಿರಲಾರರು. 2021ರ ಜುಲೈ ಮಳೆಗೆ ಅರಬೈಲು ಘಟ್ಟ ಜರಿಯಿತು. ಅದೇ ತಾಲೂಕಿನ ಕಳಚೆ ಊರೇ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಕುಸಿದು ಚಹಾ ಅಂಗಡಿಯ ಸಂಸಾರವನ್ನೂ ದಾರಿಯಲ್ಲಿ ನಿಂತಿದ್ದವರನ್ನೂ ಗಂಗಾವಳಿಗೆ ನೂಕಿತು. ಮರ ಹೇರಿದ್ದ ಲಾರಿಯ ಕೇರಳದ ಚಾಲಕನ ದೇಹ ದೊರೆತದ್ದು ಎಪ್ಪತ್ತು ದಿನಗಳ ಮೇಲೆ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ ಹೇರಿಕೊಂಡು ಹೊರಟ ಲಾರಿ ಯಲ್ಲಾಪುರದ ಬಳಿ ಮಗುಚಿ, ಮೂಟೆಗಳ ಮೇಲೆ ಕುಳಿತಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ ಹತ್ತು ಮಂದಿ ತೀರಿಕೊಂಡರು. ಈ ಯಾವ ಘಟನೆಯೂ ಮೇಲೆ ಹೇಳಿದ ಕಂಪನಿಗೆ ಸೇರಿದ್ದಲ್ಲ. ಚದುರಿಹೋದ ಒಡೆತನದ ಲಾರಿ ಹೇಗಿರುತ್ತದೆಂದು ತಿಳಿಯಲು ಸವಣೂರಿನ ಲಾರಿಯೇ ಸಾಕು: ಸಣ್ಣ ವ್ಯಾಪಾರಿಗಳು ಸೇರಿ ಗೊತ್ತುಮಾಡಿದ ಒಂದು ವಾಹನ, ರಾತ್ರಿಯ ಪಯಣ, ಸರಕಿನ ಜೊತೆಗೇ ಸರಕಿನ ಒಡೆಯರು. ಪಾರ್ಸೆಲ್ ಕಂಪನಿಯ ವ್ಯವಸ್ಥೆ ಆ ಬದನೆ, ಬೆಂಡೆಗಳವರೆಗೆ ಬಂದಿಲ್ಲ.

ಮಲೆನಾಡು ಲಾರಿಯನ್ನು ಬೇಡವೆನ್ನುವ ಸ್ಥಿತಿಯಲ್ಲಿಲ್ಲ. ತೋಟಕ್ಕೆ ಬಯಲುಸೀಮೆಯ ಕುರಿಗೊಬ್ಬರ ಬರುವುದು ಲಾರಿಯಲ್ಲಿ. ಅಡಿಕೆ, ಕಾಳುಮೆಣಸು ಹೋಗುವುದು ಲಾರಿಯಲ್ಲಿ. ಹಾಗಿರುವಾಗ ಎಷ್ಟು ಭಾರ, ಯಾವ ದಾರಿ, ಮಳೆಗಾಲದ ಯಾವ ವಾರಗಳಲ್ಲಿ ಬೇಡ, ಚಾಲಕನಿಗೆ ಎಷ್ಟು ನಿದ್ದೆ ಎಂಬ ಪ್ರಶ್ನೆಗಳನ್ನು ಕೇಳುವುದು ಸಾಧ್ಯವಿರುವ ಕಡೆ ಕೇಳಬೇಕು. ಷೇರುಪೇಟೆಯಲ್ಲಿರುವ ಮೊದಲ ಸಾವಿರ ಕಂಪನಿಗಳು 2022-23ರಿಂದ ತಮ್ಮ ವಾರ್ಷಿಕ ವರದಿಯ ಜೊತೆಗೆ ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನೂ ಪ್ರಕಟಿಸಬೇಕೆಂದು ಸೆಬಿ ವಿಧಿಸಿದೆ. ಸುಟ್ಟ ಇಂಧನ, ಹೊರಬಿಟ್ಟ ಇಂಗಾಲ, ನೌಕರರ ಅಪಘಾತಗಳು ಮುಂತಾದ ವಿವರಗಳಿಗೆ ಅದರಲ್ಲಿ ಸ್ಥಾನವಿದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೈಸ್ಕೂಲಿನ ವಿದ್ಯಾರ್ಥಿಯೂ ಈ ಗುಣಾಕಾರ ಮಾಡಿ ಕಂಪನಿಯ ಅಂಕಿಯನ್ನು ಪರಿಶೀಲಿಸಬಲ್ಲ. ವರದಿಗಳು ಇಂಗ್ಲಿಷಿನಲ್ಲಿವೆ, ಭಾಷೆ ಬಿಗಿಯಾಗಿದೆ. ಊರಿನ ಕಾಲೇಜಿನ ನಾಲ್ವರು ಕೂಡಿ ಓದಿ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಹೇಳಿದರೆ ಅದೇ ಒಳ್ಳೆಯ ಅಧ್ಯಯನವಾಗುತ್ತದೆ.

ವರ್ಷಕ್ಕೊಮ್ಮೆ ನಡೆಯುವ ಮಹಾಸಭೆಗೆ ಮೊದಲು ಈ ವರದಿ ಪ್ರತಿಯೊಬ್ಬ ಷೇರುದಾರನಿಗೂ ತಲುಪಬೇಕು. ಒಂದೇ ಒಂದು ಷೇರು ಇದ್ದವರೂ ಆ ಸಭೆಯಲ್ಲಿ ಪ್ರಶ್ನೆ ಕೇಳಬಹುದು, ಮತ ಹಾಕಬಹುದು.